‘ಟೋ ದ ಲೈನ್’ ಬರೆಯುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಪೇಪರಿನ ರಾಜಕೀಯ ಪುಟ ಓದುವವರಿಗೆ ಈ ನುಡಿಗಟ್ಟು ಹಳೇ ಪರಿಚಯ. ಆಫೀಸಿನ ಮೇಲ್‌ಗಳಲ್ಲಿ, ಮಕ್ಕಳ ಪ್ರಬಂಧಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲೂ ಸಿಗುತ್ತದೆ. ಬರೆಯುವವರು ಎರಡು ಕಡೆ ಎಡವುತ್ತಾರೆ. ಒಂದು ಸ್ಪೆಲ್ಲಿಂಗ್, ಇನ್ನೊಂದು ಧಾಟಿ. ಸ್ಪೆಲ್ಲಿಂಗ್ ತಪ್ಪಿದರೆ ಯಾರಾದರೂ ತಿದ್ದುತ್ತಾರೆ. ಧಾಟಿ ತಪ್ಪಿದರೆ ಹಾಗೇ ಅಚ್ಚಾಗಿ ಹೋಗುತ್ತದೆ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಇವೆರಡನ್ನೇ ಸುತ್ತುತ್ತವೆ.

ಇದರ ಅರ್ಥ ಏನು? ಒಂದೇ ಮಾತಿನಲ್ಲಿ ಹೇಳಿ.

ಮೇಲಿನವರು ಹೇಳಿದಂತೆ ನಡೆದುಕೊಳ್ಳುವುದು. ಮನಸ್ಸಿದ್ದರೂ ಸರಿ, ಇಲ್ಲದಿದ್ದರೂ ಸರಿ. ಬಹುತೇಕ ಸಲ ಇಲ್ಲದೆಯೇ.

ಬರೆಯಬೇಕಾದ್ದು ಟಿ-ಓ-ಇ ಅಂತಲೋ, ಟಿ-ಓ-ಡಬ್ಲ್ಯೂ ಅಂತಲೋ?

ಟಿ-ಓ-ಇ. ಕಾಲ್ಬೆರಳು. ಇದರಲ್ಲಿ ಎರಡು ಮಾತಿಲ್ಲ.

ಕನ್ನಡದಲ್ಲಿ ಬರೆದರೆ ಎರಡೂ ‘ಟೋ’ ಆಗುತ್ತವೆ. ನಾವು ಇಂಗ್ಲಿಷನ್ನು ಕಿವಿಯಿಂದ ಕಲಿತಷ್ಟೂ ಈ ತಪ್ಪು ಜಾಸ್ತಿ. ಅದರ ಮೇಲೆ ಬೆಂಗಳೂರಿನಲ್ಲಿ ಗಾಡಿ ಇಟ್ಟುಕೊಂಡವರಿಗೆ ‘ಟೋ’ ಅಂದ ಕೂಡಲೇ ಕಣ್ಣಿಗೆ ಬರುವುದು ಕಾಲ್ಬೆರಳಲ್ಲ. ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ಸ್ಕೂಟರನ್ನು ಎತ್ತಿಕೊಂಡು ಹೋಗುವ ಲಾರಿ. ಹಾಗಾಗಿ ಕೈ ತಾನಾಗಿಯೇ ಡಬ್ಲ್ಯೂ ಕಡೆ ಹೋಗುತ್ತದೆ.

ಇಂಗ್ಲಿಷ್ ಮನೆಮಾತಾಗಿರುವವರೂ ಇದೇ ತಪ್ಪು ಮಾಡುತ್ತಾರೆ. ಅವರ ಕಾರಣ ಬೇರೆ. ಹಡಗಿನವರ ಮಾತಿನಲ್ಲಿ ‘ಲೈನ್’ ಎಂದರೆ ಹಗ್ಗ. ‘ಟೋ’ ಎಂದರೆ ಎಳೆಯುವುದು. ಎಲ್ಲರೂ ಸೇರಿ ಒಂದೇ ಹಗ್ಗ ಎಳೆಯುತ್ತಿದ್ದಾರೆ, ಹಾಗಾಗಿ ಒಗ್ಗಟ್ಟು, ಹಾಗಾಗಿ ವಿಧೇಯತೆ. ತಪ್ಪಾದ ಸ್ಪೆಲ್ಲಿಂಗಿಗೂ ಹೀಗೆ ಒಂದು ಚೆಂದದ ಚಿತ್ರ ಸಿಕ್ಕಿಬಿಟ್ಟಿದೆ. ಅದಕ್ಕೇ ಅದು ಸಾಯುತ್ತಿಲ್ಲ. ಕೇಳಿದ್ದಕ್ಕೆ ತಮಗೆ ತೋಚಿದ ಅರ್ಥ ಕೊಟ್ಟು ಬರೆಯುವ ಇಂಥ ತಪ್ಪುಗಳಿಗೆ ಭಾಷಾವಿಜ್ಞಾನಿಗಳು ‘ಎಗ್‌ಕಾರ್ನ್’ ಎನ್ನುತ್ತಾರೆ. ‘ಏಕಾರ್ನ್’ ಎಂಬ ಓಕ್ ಮರದ ಕಾಯಿಯನ್ನು ಯಾರೋ ‘ಎಗ್ ಕಾರ್ನ್’ ಎಂದುಕೊಂಡಿದ್ದರಿಂದ 2003ರಲ್ಲಿ ಹುಟ್ಟಿದ ಹೆಸರು ಅದು.

ನೆನಪಿಡಲು ಒಂದು ದಾರಿ ಇದೆ. ಇಂಗ್ಲಿಷಿನಲ್ಲಿ ಮೈಯ ಭಾಗಗಳು ಸಲೀಸಾಗಿ ಕ್ರಿಯಾಪದ ಆಗಿಬಿಡುತ್ತವೆ. ಬಿಲ್ಲು ಕಟ್ಟುವುದು ‘ಫುಟ್ ದ ಬಿಲ್’. ಹೊಣೆ ಹೊರುವುದು ‘ಶೋಲ್ಡರ್ ದ ಬ್ಲೇಮ್’. ಅದೇ ಸಾಲಿನಲ್ಲಿ ಕಾಲ್ಬೆರಳೂ ನಿಂತಿದೆ.

ಈ ಗೆರೆ ಎಲ್ಲಿಂದ ಬಂತು?

ಶಾಲೆಯ ಕ್ರೀಡಾಕೂಟ ನೆನಪು ಮಾಡಿಕೊಳ್ಳಿ. ಪಿ.ಟಿ. ಮೇಷ್ಟ್ರು ಸುಣ್ಣದ ಪುಡಿಯಲ್ಲಿ ಅಡ್ಡಗೆರೆ ಎಳೆದಿರುತ್ತಾರೆ. ನೂರು ಮೀಟರಿನ ಹುಡುಗರು ಬರಿಗಾಲಿನಲ್ಲಿ ಬಂದು ನಿಲ್ಲುತ್ತಾರೆ. ಒಬ್ಬನ ಹೆಬ್ಬೆರಳು ಗೆರೆಯ ಮೇಲೇ ಕೂತು ಬೆಳ್ಳಗಾಗಿರುತ್ತದೆ. ಮೇಷ್ಟ್ರು ಬಗ್ಗಿ ನೋಡಿ ‘ಹಿಂದೆ, ಹಿಂದೆ’ ಎಂದು ಕೋಲಿನಿಂದ ತಟ್ಟುತ್ತಾರೆ. ಇನ್ನೊಬ್ಬ ಹೆದರಿ ಒಂದು ಗೇಣು ಹಿಂದೆ ನಿಂತಿದ್ದರೆ ‘ಮುಂದೆ ಬಾರೋ’ ಎನ್ನುತ್ತಾರೆ. ಎಲ್ಲರ ಬೆರಳೂ ಗೆರೆಗೆ ಸರಿಯಾಗಿ ತಾಗಿದ ಮೇಲೆ ಸೀಟಿ. ‘ಟೋ ದ ಲೈನ್’ ಎಂದರೆ ಮೂಲದಲ್ಲಿ ಇಷ್ಟೇ: ಬೆರಳ ತುದಿ ಗೆರೆಗೆ ಹಚ್ಚಿ ನಿಲ್ಲುವುದು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

ಅಚ್ಚಿನಲ್ಲಿ ಇದು 19ನೇ ಶತಮಾನದ ಆರಂಭದಿಂದ ಸಿಗುತ್ತದೆ. ಆಗ ‘ಲೈನ್’ ಒಂದೇ ಇರಲಿಲ್ಲ. ‘ಟೋ ದ ಮಾರ್ಕ್’ ಎಂಬುದು 1813ರಲ್ಲೇ ಇದೆ. ‘ಟೋ ದ ಸ್ಕ್ರ್ಯಾಚ್’, ‘ಟೋ ದ ಕ್ರ್ಯಾಕ್’ ಎಂದೂ ಹೇಳುತ್ತಿದ್ದರು. ಕೊನೆಗೆ ಉಳಿದದ್ದು ಲೈನ್.

ಯಾರ ಗೆರೆ ಎಂಬುದರಲ್ಲಿ ಪಂಡಿತರಿಗೆ ಒಮ್ಮತ ಇಲ್ಲ. ಓಟದ್ದು ಎನ್ನುವವರಿದ್ದಾರೆ. ಹಡಗಿನದು ಎನ್ನುವವರಿದ್ದಾರೆ. ಹಳೇ ಮರದ ಹಡಗುಗಳ ಅಟ್ಟದ ಮೇಲೆ ಹಲಗೆ ಹಲಗೆಯ ನಡುವೆ ನಾರು ತುರುಕಿ ಮೇಲೆ ಡಾಂಬರು ಸುರಿಯುತ್ತಿದ್ದರು. ಕಪ್ಪು ಗೆರೆ ಮೂಡುತ್ತಿತ್ತು. ಹಾಜರಿ ಹಾಕುವಾಗ ನಾವಿಕರು ಅದೇ ಗೆರೆಗೆ ಬೆರಳು ಹಚ್ಚಿ ಸಾಲಾಗಿ ನಿಲ್ಲಬೇಕಿತ್ತು.

ನನಗೆ ಹೆಚ್ಚು ಇಷ್ಟವಾಗುವುದು ಮೂರನೆಯದು, ಮುಷ್ಟಿಕಾಳಗದ ಗೆರೆ. ಇಂಗ್ಲೆಂಡಿನಲ್ಲಿ ಕೈಗವಸು ಇಲ್ಲದೆ ಗುದ್ದಾಡುತ್ತಿದ್ದ ಕಾಲ ಅದು. 1743ರಲ್ಲಿ ಜಾಕ್ ಬ್ರಾಟನ್ ಮಾಡಿದ ನಿಯಮಗಳಲ್ಲಿ ಕಣದ ನಡುವೆ ಒಂದು ಗಜದ ಚೌಕವನ್ನು ಸೀಮೆಸುಣ್ಣದಲ್ಲಿ ಬರೆಯಬೇಕು ಎಂದಿತ್ತು. ಬಿದ್ದವನನ್ನು ಅವನ ಕಡೆಯವರು ಎತ್ತಿ ತಂದು ಆ ಚೌಕದ ಅಂಚಿಗೆ ನಿಲ್ಲಿಸಬೇಕು. 1838ರ ಲಂಡನ್ ನಿಯಮಗಳಲ್ಲಿ ಚೌಕ ಹೋಗಿ ನಡುವೆ ಗೀರು ಬಂತು. ಬಿದ್ದವನಿಗೆ 30 ಸೆಕೆಂಡ್ ಬಿಡುವು. ಆಮೇಲೆ 8 ಸೆಕೆಂಡಿನೊಳಗೆ ಯಾರ ಸಹಾಯವೂ ಇಲ್ಲದೆ ನಡೆದು ಬಂದು ಗೀರಿನ ಹತ್ತಿರ ನಿಲ್ಲಬೇಕು. ಬರಲಾಗದಿದ್ದರೆ ಸೋತ ಹಾಗೆ. ನಿರೀಕ್ಷಿಸಿದ ಮಟ್ಟ ಮುಟ್ಟುವುದಕ್ಕೆ ಹೇಳುವ ‘ಕಮ್ ಅಪ್ ಟು ಸ್ಕ್ರ್ಯಾಚ್’ ಎಂಬ ಮಾತಿನ ಸ್ಕ್ರ್ಯಾಚ್ ಕೂಡ ಇಂಥ ಗೀರೇ.

ಇಲ್ಲಿ ಒಂದು ತಮಾಷೆ ಇದೆ, ನೋಡಿ. ಗುದ್ದಾಟದ ಕಣದಲ್ಲಿ ಗೆರೆಗೆ ಬಂದು ನಿಂತವನು ‘ನಾನು ಸೋತಿಲ್ಲ, ಬಾ’ ಎನ್ನುತ್ತಿದ್ದ. ಇವತ್ತು ಗೆರೆಗೆ ಬಂದು ನಿಂತವನು ‘ಆಯ್ತು ಸ್ವಾಮಿ, ನೀವು ಹೇಳಿದ ಹಾಗೆ’ ಎನ್ನುತ್ತಾನೆ. ಇನ್ನೂರು ವರ್ಷದಲ್ಲಿ ಸೆಟೆದು ನಿಂತವನ ಮಾತು ಬಗ್ಗಿ ನಿಂತವನ ಮಾತಾಗಿದೆ.

ಬ್ರಿಟಿಷ್ ಸಂಸತ್ತಿನ ನೆಲಗಂಬಳಿಯ ಕೆಂಪು ಗೆರೆಯಿಂದ ಇದು ಬಂತಂತೆ, ಹೌದಾ?

ಅಲ್ಲ. ಹೌಸ್ ಆಫ್ ಕಾಮನ್ಸ್‌ನಲ್ಲಿ ಎದುರುಬದುರು ಸಾಲುಗಳ ಮುಂದೆ ಎರಡು ಕೆಂಪು ಗೆರೆ ಇರುವುದು ನಿಜ. ಅವುಗಳ ನಡುವೆ ಎರಡು ಕತ್ತಿಯ ಅಳತೆ ಎಂದು ಗೈಡುಗಳು ಹೇಳುವುದೂ ನಿಜ. ಮಾತನಾಡುವ ಸದಸ್ಯ ಅದನ್ನು ದಾಟಬಾರದು. ಆದರೆ ‘ದಾಟಬಾರದು’ ಬೇರೆ, ‘ಬೆರಳು ಹಚ್ಚಿ ನಿಲ್ಲಬೇಕು’ ಬೇರೆ. ನುಡಿಗಟ್ಟಿನ ಹಳೆಯ ಬಳಕೆಗಳಲ್ಲಿ ನಾವಿಕರೂ ಓಟಗಾರರೂ ಸಿಗುತ್ತಾರೆ, ಸಂಸದರು ಸಿಗುವುದಿಲ್ಲ. ಕಥೆ ಚೆನ್ನಾಗಿದೆ, ಪ್ರವಾಸಿಗರಿಗೆ ಹೇಳಲು ಇರಲಿ.

ಇದು ಹೊಗಳಿಕೆಯೋ, ತೆಗಳಿಕೆಯೋ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಕನ್ನಡದವರು ಎಡವುವುದೂ ಇಲ್ಲೇ.

ನಮ್ಮಲ್ಲಿ ಹೆಚ್ಚುಕಡಿಮೆ ಇದೇ ಮಾತು ಇದೆ. ‘ಅಪ್ಪ ಹಾಕಿದ ಗೆರೆ ದಾಟಲ್ಲ ಅವನು’ ಅಂತ ಹೇಳುತ್ತೇವೆ. ಹೇಳುವಾಗ ದನಿಯಲ್ಲಿ ಮೆಚ್ಚುಗೆ ಇರುತ್ತದೆ. ಹೆಣ್ಣು ನೋಡಲು ಬಂದವರ ಮುಂದೆ ಹುಡುಗನ ಸೋದರಮಾವ ಹೇಳುವ ಮಾತು ಅದು. ಲಕ್ಷ್ಮಣರೇಖೆಯ ಕಥೆ ಕೇಳಿ ಬೆಳೆದ ನಮಗೆ ಗೆರೆ ಎಂದರೆ ಕಾಪಾಡುವಂಥದ್ದು. ದಾಟಿದರೆ ಕೆಟ್ಟೆ, ದಾಟದಿದ್ದರೆ ಬದುಕಿದೆ. ಇದೇ ಭಾವನೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ‘ಮೈ ಸನ್ ಆಲ್ವೇಸ್ ಟೋಸ್ ದ ಲೈನ್’ ಎಂದು ಬರೆದರೆ ವ್ಯಾಕರಣ ಸರಿ, ಸ್ಪೆಲ್ಲಿಂಗೂ ಸರಿ. ಓದಿದವರಿಗೆ ಮಾತ್ರ ಬೇರೇನೋ ಕೇಳಿಸುತ್ತದೆ. ಪಾಪದ ಹುಡುಗ, ಅವನಿಗೆ ಸ್ವಂತದ್ದು ಅಂತ ಏನೂ ಇಲ್ಲ, ಮನೆಯವರು ಉಸಿರು ಕಟ್ಟಿಸಿ ಇಟ್ಟಿದ್ದಾರೆ.

ಇಂಗ್ಲಿಷಿನ ಗೆರೆಯ ಹಿಂದೆ ಯಾವಾಗಲೂ ಒತ್ತಡ ಇರುತ್ತದೆ. ಯಾರೋ ಗೆರೆ ಎಳೆದಿದ್ದಾರೆ, ಇವನಿಗೆ ಅಲ್ಲಿ ನಿಲ್ಲಲು ಇಷ್ಟವಿಲ್ಲ, ನಿಲ್ಲದೆ ಗತಿಯಿಲ್ಲ. ಅದಕ್ಕೇ ಈ ನುಡಿಗಟ್ಟಿನ ಅಕ್ಕಪಕ್ಕ ಬರುವ ಪದಗಳನ್ನು ಗಮನಿಸಿ. ‘ರೆಫ್ಯೂಸ್ಡ್ ಟು’, ‘ಫೋರ್ಸ್ಡ್ ಟು’, ‘ಎಕ್ಸ್‌ಪೆಕ್ಟೆಡ್ ಟು’, ‘ರಿಲಕ್ಟೆಂಟ್ಲಿ’. ಒಪ್ಪಲಿಲ್ಲ, ಬಲವಂತ, ನಿರೀಕ್ಷೆ, ಮನಸ್ಸಿಲ್ಲದೆ. ‘ಹ್ಯಾಪಿಲಿ’ ಎಂಬುದು ಬಂದರೆ ಬರೆದವರು ಚುಚ್ಚುತ್ತಿದ್ದಾರೆ ಎಂದೇ ಅರ್ಥ.

ಹಾಗಂತ ಯಾವಾಗಲೂ ಬೈಗುಳ ಅಂತಲೂ ಅಲ್ಲ. ತುಂಟ ಹುಡುಗನನ್ನು ಶಾಲೆ ದಾರಿಗೆ ತಂದಿತು ಎನ್ನುವಾಗ ‘ಮೇಡ್ ಹಿಮ್ ಟೋ ದ ಲೈನ್’ ಎಂದರೆ ಶಾಲೆಯ ಮೇಲೆ ಸಿಟ್ಟೇನೂ ಇಲ್ಲ. ಅಲ್ಲಿಯೂ ಹುಡುಗ ಮನಸ್ಸಿಟ್ಟು ಬದಲಾದ ಎಂಬ ಸುಳಿವು ಮಾತ್ರ ಇಲ್ಲ. ಬಾಲ ಮುದುರಿಕೊಂಡ, ಅಷ್ಟೇ.

ಬರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು. ಆ ವ್ಯಕ್ತಿ ಒಪ್ಪಿ ಮಾಡಿದನೋ, ಒಪ್ಪದೆ ಮಾಡಿದನೋ? ಒಪ್ಪಿ ಮಾಡಿದ್ದರೆ ಈ ನುಡಿಗಟ್ಟು ಬೇಡ. ‘ಅಗ್ರೀಡ್’, ‘ಸಪೋರ್ಟೆಡ್’, ‘ಫಾಲೋಡ್ ದ ರೂಲ್ಸ್’ ಇವೆ. ಪದ ಸಪ್ಪೆಯಾದರೂ ಅನ್ಯಾಯ ಆಗುವುದಿಲ್ಲ.

ಕೆಲಸದ ಅರ್ಜಿಯಲ್ಲಿ ‘ಐ ಆಲ್ವೇಸ್ ಟೋ ದ ಲೈನ್’ ಎಂದು ಹಾಕಬಹುದಾ?

ದಯವಿಟ್ಟು ಬೇಡ. ಶಿಸ್ತಿನವನು ಎಂದು ಹೇಳಲು ಹೋಗಿ ಹೂಂಗುಟ್ಟುವವನು ಎಂದು ಹೇಳಿಕೊಂಡಂತೆ ಆಗುತ್ತದೆ. ಮೇಲಧಿಕಾರಿಗೆ ಬರೆಯುವ ಮೇಲ್‌ನಲ್ಲೂ ಹಾಗೇ. ‘ನಮ್ಮ ಟೀಮ್ ಮ್ಯಾನೇಜ್‌ಮೆಂಟ್ ಹೇಳಿದಂತೆ ಟೋ ದ ಲೈನ್ ಮಾಡುತ್ತದೆ’ ಎಂಬ ಅರ್ಥದಲ್ಲಿ ಬರೆದರೆ ಓದುವವರಿಗೆ ಗೊಣಗಾಟ ಕೇಳಿಸುತ್ತದೆ. ಕೆಳಗಿನವರಿಗೆ ಬರೆಯುವಾಗ ಇನ್ನೂ ಕಷ್ಟ. ‘ಯು ಮಸ್ಟ್ ಟೋ ದ ಲೈನ್’ ಎಂದರೆ ಅದು ಸಲಹೆಯಲ್ಲ, ಬೆದರಿಕೆ. ಬೆದರಿಸಬೇಕು ಎಂದೇ ಇದ್ದರೆ ಅದು ನಿಮ್ಮಿಷ್ಟ.

‘ಪಾರ್ಟಿ ಲೈನ್’ ಅಂದರೆ ಇದೇ ಗೆರೆಯಾ? ವಿಪ್‌ಗೂ ಇದಕ್ಕೂ ಏನು ಸಂಬಂಧ?

ಸರಿಯಾಗಿ ನೋಡಿದರೆ ಅದು ಇದೇ ಗೆರೆಯಲ್ಲ. ‘ಪಾರ್ಟಿ ಲೈನ್’ ಎಂದರೆ ಪಕ್ಷದ ಅಧಿಕೃತ ನಿಲುವು, ಪಕ್ಷ ಹಿಡಿದ ದಾರಿ. ಕಳೆದ ಶತಮಾನದಲ್ಲಿ ಕಮ್ಯುನಿಸ್ಟ್ ಪಕ್ಷಗಳ ಮಾತುಕತೆಯಲ್ಲಿ ಇದು ಹೆಚ್ಚು ಓಡಾಡಿತು. ನೆಲದ ಮೇಲಿನ ಗೆರೆ ಮತ್ತು ನಿಲುವಿನ ಲೈನ್ ಎರಡೂ ಒಂದಕ್ಕೊಂದು ಹೊಂದಿಕೊಂಡಿದ್ದರಿಂದ ‘ಟೋ ದ ಪಾರ್ಟಿ ಲೈನ್’ ಆಯಿತು. ಭಾರತದ ಇಂಗ್ಲಿಷ್ ಪತ್ರಿಕೆಗಳಿಗೆ ಈ ರೂಪವೇ ಅಚ್ಚುಮೆಚ್ಚು. ‘ಕಂಪನಿ ಲೈನ್’, ‘ಅಫಿಶಿಯಲ್ ಲೈನ್’ ಕೂಡ ನಡೆಯುತ್ತವೆ.

ವಿಪ್ ಎಂದರೆ ಸದನದ ಮತದಾನದ ಬಗ್ಗೆ ಪಕ್ಷ ತನ್ನ ಸದಸ್ಯರಿಗೆ ಕೊಡುವ ಸೂಚನೆ. ಅದರಲ್ಲೂ ಲೈನ್ ಇದೆ, ಅದು ಮೂರನೇ ಬಗೆ. ಒನ್ ಲೈನ್, ಟೂ ಲೈನ್, ತ್ರೀ ಲೈನ್ ವಿಪ್ ಎನ್ನುತ್ತಾರಲ್ಲ, ಅಲ್ಲಿ ಲೈನ್ ಎಂದರೆ ಸೂಚನೆಯ ಕೆಳಗೆ ಎಳೆದ ಅಡಿಗೆರೆ. ಒಂದು ಅಡಿಗೆರೆ ಇದ್ದರೆ ಮತದಾನ ಇದೆ ಎಂಬ ತಿಳಿವಳಿಕೆ. ಎರಡಿದ್ದರೆ ಹಾಜರಿರಬೇಕು. ಮೂರಿದ್ದರೆ ಹಾಜರಿದ್ದು ಪಕ್ಷ ಹೇಳಿದಂತೆಯೇ ಮತ ಹಾಕಬೇಕು. ‘ವಿಪ್’ ಎಂಬ ಹೆಸರು ಬಂದದ್ದು ಬೇಟೆಯಿಂದ. ನಾಯಿಗಳ ಹಿಂಡು ಚದುರದಂತೆ ಚಾವಟಿ ಹಿಡಿದು ನೋಡಿಕೊಳ್ಳುವವನನ್ನು ಇಂಗ್ಲೆಂಡಿನಲ್ಲಿ ‘ವಿಪ್ಪರ್ ಇನ್’ ಎನ್ನುತ್ತಿದ್ದರು. ನಮ್ಮ ಶಾಸಕರಿಗೆ ಇದನ್ನು ಯಾರೂ ವಿವರಿಸಿ ಹೇಳದಿರುವುದೇ ಒಳ್ಳೆಯದು.

ವರದಿ ಬರೆಯುವವರಿಗೆ ಇಲ್ಲಿ ಒಂದು ಎಚ್ಚರಿಕೆ. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯ ಮೂಲಕ ಹತ್ತನೇ ಶೆಡ್ಯೂಲ್ (ಪಕ್ಷಾಂತರ ನಿಷೇಧ ಕಾನೂನು) ಬಂದ ಮೇಲೆ ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಸದನದಲ್ಲಿ ಮತ ಹಾಕಿದರೆ ಅಥವಾ ಮತದಾನಕ್ಕೆ ಗೈರಾದರೆ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ, ಸದಸ್ಯತ್ವಕ್ಕೇ ಕುತ್ತು. ಅದು ಕಾನೂನಿನ ವಿಷಯ. ಅಲ್ಲಿ ‘ಡಿಡ್ ನಾಟ್ ಟೋ ದ ಪಾರ್ಟಿ ಲೈನ್’ ಎಂದು ಬರೆದರೆ ಮಾತು ಸಡಿಲ. ‘ಡಿಫೈಡ್ ದ ವಿಪ್’ ಎಂದರೆ ಬಿಗಿ. 2019ರ ಜುಲೈನಲ್ಲಿ ಕರ್ನಾಟಕ ವಿಧಾನಸಭೆಯ ಆಗಿನ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಮತ್ತೆ ಚುನಾವಣೆಗೆ ನಿಲ್ಲಲು ಅವರಿಗೆ ಅವಕಾಶವನ್ನೂ ಕೊಟ್ಟಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಇಂಥ ಸುದ್ದಿಯಲ್ಲಿ ರಾಜೀನಾಮೆ, ವಿಪ್, ಅನರ್ಹತೆ ಎಲ್ಲಕ್ಕೂ ಅದರದರ ಹೆಸರಿದೆ. ಅವನ್ನೆಲ್ಲ ಬಿಟ್ಟು ‘ಗೆರೆಗೆ ನಿಲ್ಲಲಿಲ್ಲ’ ಎಂದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ಈ ನುಡಿಗಟ್ಟು ಒಪ್ಪುವುದು ಲಿಖಿತ ಆದೇಶ ಇಲ್ಲದ ಕಡೆ. ಮೊನ್ನೆಯವರೆಗೆ ಒಂದು ಯೋಜನೆಯನ್ನು ವಿರೋಧಿಸುತ್ತಿದ್ದ ಮಂತ್ರಿ ದೆಹಲಿಗೆ ಹೋಗಿ ಬಂದ ಮೇಲೆ ಅದನ್ನೇ ಹೊಗಳುತ್ತಾರೆ. ಯಾರೂ ಚೀಟಿ ಕೊಟ್ಟಿಲ್ಲ. ಹೈಕಮಾಂಡ್ ಏನು ಹೇಳಿತು ಎಂದು ಕೇಳಿದರೆ ನಗುತ್ತಾರೆ. ‘ಟೋಯಿಂಗ್ ದ ಲೈನ್’ ಎಂದರೆ ಅದು.

ವ್ಯಾಕರಣದಲ್ಲಿ ಏನೇನು ನೋಡಿಕೊಳ್ಳಬೇಕು?

ಭೂತಕಾಲ ‘ಟೋಡ್’, ಟಿ-ಓ-ಇ-ಡಿ. ‘ಟೋಯಿಂಗ್’ ಬರೆಯುವಾಗ ‘ಇ’ ಬೀಳುವುದಿಲ್ಲ, ‘ಐಎನ್‌ಜಿ’ ಅದರ ಮುಂದೆ ಸೇರುತ್ತದೆ.

ನಡುವೆ ‘ಟು’ ಬರುವುದಿಲ್ಲ. ‘ಟೋ ಟು ದ ಲೈನ್’ ತಪ್ಪು. ನಾವು ಗೆರೆ‘ಗೆ’ ಬೆರಳು ಹಚ್ಚುತ್ತೇವಲ್ಲ, ಆ ‘ಗೆ’ ಇಂಗ್ಲಿಷಿಗೂ ನುಸುಳುತ್ತದೆ. ‘ಟೋ ಇನ್ ಲೈನ್’ ಕೂಡ ತಪ್ಪು. ಅದು ‘ಫಾಲ್ ಇನ್ ಲೈನ್’ ಜೊತೆ ಬೆರೆತು ಹುಟ್ಟಿದ್ದು. ಸಾಲಿಗೆ ಸೇರುವುದು ಬೇರೆ, ಗೆರೆಗೆ ನಿಲ್ಲುವುದು ಬೇರೆ. ಎಷ್ಟು ಜನ ಇದ್ದರೂ ಗೆರೆ ಒಂದೇ. ಆದ್ದರಿಂದ ‘ಟೋ ದ ಲೈನ್ಸ್’ ಇಲ್ಲ.

ಯಾರ ಗೆರೆ ಎಂದು ಹೇಳಬೇಕಾದರೆ ಹೆಸರನ್ನು ಮುಂದೆ ಹಾಕಿ, ‘ದ ಹೈಕಮಾಂಡ್ಸ್ ಲೈನ್’ ಎಂಬ ಹಾಗೆ. ‘ದ ಲೈನ್ ಆಫ್ ದ ಹೈಕಮಾಂಡ್’ ತಪ್ಪೇನಲ್ಲ, ಕೇಳಲು ಮಾತ್ರ ಸರ್ಕಾರಿ ಸುತ್ತೋಲೆಯ ಹಾಗಿದೆ.

ಒಂದು ವಾಕ್ಯವನ್ನು ತಿದ್ದಿ ತೋರಿಸುತ್ತೀರಾ?

ಆಗಲಿ. ವರದಿಗಾರ ಕಳಿಸಿದ ವಾಕ್ಯ ಹೀಗಿದೆ ಎಂದುಕೊಳ್ಳಿ: ‘ಆಲ್ ದ ಕೌನ್ಸಿಲರ್ಸ್ ಹ್ಯಾವ್ ಟೋಡ್ ಟು ದ ಪಾರ್ಟಿ ಲೈನ್ಸ್ ಅಂಡ್ ಯುನಾನಿಮಸ್ಲಿ ವೆಲ್ಕಮ್ಡ್ ದ ನ್ಯೂ ಮೇಯರ್.’ ಟೋಡ್‌ಗೆ ಡಬ್ಲ್ಯೂ ಬಿದ್ದಿದೆ.

ಮೊದಲು ಡಬ್ಲ್ಯೂ ತೆಗೆದೆವು. ‘ಟು’ ಹೊಡೆದೆವು. ‘ಲೈನ್ಸ್’ ಅನ್ನು ‘ಲೈನ್’ ಮಾಡಿದೆವು. ಇಲ್ಲಿಗೆ ತುಂಬ ಜನ ಪೆನ್ನು ಕೆಳಗಿಡುತ್ತಾರೆ. ಆದರೆ ವಾಕ್ಯದ ಎರಡು ತುದಿಗಳು ಜಗಳ ಆಡುತ್ತಿವೆ. ಮುಂಭಾಗ ‘ಒತ್ತಡಕ್ಕೆ ಮಣಿದರು’ ಎನ್ನುತ್ತದೆ, ಹಿಂಭಾಗ ‘ಒಮ್ಮನಸ್ಸಿನಿಂದ ಸ್ವಾಗತಿಸಿದರು’ ಎನ್ನುತ್ತದೆ. ಯಾವುದು ನಿಜ? ವರದಿಗಾರನಿಗೆ ಫೋನ್ ಮಾಡಿ ಕೇಳಬೇಕು. ನಿಜಕ್ಕೂ ಎಲ್ಲರಿಗೂ ಸಂತೋಷವಾಗಿದ್ದರೆ ‘ದ ಕೌನ್ಸಿಲರ್ಸ್ ವೆಲ್ಕಮ್ಡ್ ದ ನ್ಯೂ ಮೇಯರ್’ ಸಾಕು. ಕೆಲವರು ಮುಖ ಗಂಟಿಕ್ಕಿಕೊಂಡೇ ಕೈ ಎತ್ತಿದ್ದರೆ ‘ದ ಡಿಸಿಡೆಂಟ್ಸ್, ಟೂ, ಟೋಡ್ ದ ಪಾರ್ಟಿ ಲೈನ್’ ಎಂದು ಬರೆದು, ಯಾರು, ಯಾಕೆ ಎಂಬುದನ್ನು ಮುಂದಿನ ವಾಕ್ಯದಲ್ಲಿ ಹೇಳಬೇಕು. ‘ಯುನಾನಿಮಸ್ಲಿ’ ಆಗ ಹೋಗಬೇಕು.

‘ಟೋ ದ ಲೈನ್ ಬಿಟ್ವೀನ್’ ಅಂತ ಈಚೆಗೆ ನೋಡುತ್ತಿದ್ದೇನೆ. ಸರಿಯೇ?

ಅಮೆರಿಕದ ಕಡೆಯ ಬರಹಗಳಲ್ಲಿ ಜಾಸ್ತಿ. ಧೈರ್ಯಕ್ಕೂ ಹುಂಬತನಕ್ಕೂ ನಡುವಿನ ಗೆರೆಯ ಮೇಲೆ ನಡೆಯುತ್ತಾನೆ ಎಂದು ಹೇಳಲು ಬಳಸುತ್ತಾರೆ. ಅದಕ್ಕೆ ‘ವಾಕ್ ದ ಲೈನ್’ ಅಥವಾ ‘ಸ್ಟ್ರ್ಯಾಡಲ್ ದ ಲೈನ್’ ಆಗಲೇ ಇವೆ. ಬೆರಳು ಹಚ್ಚುವ ಗೆರೆ ಎದುರಿಗಿರುತ್ತದೆ, ಎರಡು ಕಡೆಗೆ ಹಂಚಿದ ಗಡಿ ಅಲ್ಲ. ಆಡುವವರು ಆಡಲಿ, ನೀವು ಬರೆಯುವಾಗ ಬಿಡಿ.

ಮ್ಯಾರಥಾನ್ ವರದಿಗಳಲ್ಲಿ ‘ಟೋಡ್ ದ ಲೈನ್’ ಅಂತ ಇರುತ್ತದಲ್ಲ, ಅಲ್ಲೂ ವಿಧೇಯತೆಯಾ?

ಇಲ್ಲ. ಅಲ್ಲಿ ಹಳೆಯ ಅರ್ಥ ಇನ್ನೂ ಜೀವಂತ ಇದೆ. ಓಟಗಾರರು ಆರಂಭದ ಗೆರೆಗೆ ಬಂದು ನಿಂತರು ಎಂದಷ್ಟೇ ಅರ್ಥ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆ ಓಟದ ವರದಿಯಲ್ಲಿ ಇದು ಬಂದರೆ ಗಾಬರಿಯಾಗಬೇಡಿ. ‘ಸ್ಟಾರ್ಟ್ ಲೈನ್’ ಎಂದು ಪೂರ್ತಿ ಬರೆದರೆ ಗೊಂದಲವೇ ಇರುವುದಿಲ್ಲ.

ಇದನ್ನು ಕನ್ನಡಕ್ಕೆ ತರುವುದು ಹೇಗೆ?

ಸುದ್ದಿ ಏಜೆನ್ಸಿಯ ಇಂಗ್ಲಿಷ್ ವರದಿ ಇಟ್ಟುಕೊಂಡು ರಾತ್ರಿ ಪಾಳಿಯಲ್ಲಿ ಅನುವಾದ ಮಾಡುವವರಿಗೆ ಇದು ನಿತ್ಯದ ತಲೆನೋವು. ‘ಪಕ್ಷದ ನಿಲುವಿಗೆ ಬದ್ಧರಾದರು’ ಎಂದು ಹಾಕಿ ಮುಗಿಸುವುದು ಸುಲಭ. ಆದರೆ ‘ಬದ್ಧ’ ಎಂದ ಕೂಡಲೇ ಅದು ಅವರ ನಂಬಿಕೆಯೇ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿದ್ದ ಒತ್ತಡ ಸೋರಿಹೋಯಿತು. ‘ಗೆರೆ ದಾಟಲಿಲ್ಲ’ ಎಂದರೂ ಅದೇ ಗತಿ. ಆಗಲೇ ಹೇಳಿದ ಹಾಗೆ ನಮ್ಮಲ್ಲಿ ಅದು ಸದ್ಗುಣ.

ಒತ್ತಡ ಉಳಿಯಬೇಕಾದರೆ ‘ಮಣಿದರು’, ‘ತಲೆಬಾಗಿದರು’, ‘ವರಿಷ್ಠರ ಮಾತಿಗೆ ಹೂಂ ಅಂದರು’ ಒಳ್ಳೆಯವು. ಸ್ವಲ್ಪ ಚುಚ್ಚಬೇಕು ಎಂದಿದ್ದರೆ ‘ಕೋಲೆಬಸವನಂತೆ ತಲೆಯಾಡಿಸಿದರು’ ಇದೆ. ಸುದ್ದಿಗೆ ಅದು ಖಾರ ಜಾಸ್ತಿ, ಅಂಕಣಕ್ಕೆ ಹಿತವಾಗಿದೆ. ‘ಕುಣಿಸಿದಂತೆ ಕುಣಿದರು’ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕುಣಿಯುವವನಿಗೆ ಮಾನವೇ ಉಳಿದಿರುವುದಿಲ್ಲ. ‘ಟೋ ದ ಲೈನ್’ ಅಷ್ಟು ದೂರ ಹೋಗುವುದಿಲ್ಲ.

‘ಒಪ್ಪಲಿಲ್ಲ’ ಎಂಬ ಕಡೆಯದಕ್ಕೆ ಕನ್ನಡ ಇನ್ನೂ ಸಲೀಸು. ‘ಸೊಪ್ಪು ಹಾಕಲಿಲ್ಲ’, ‘ಜಗ್ಗಲಿಲ್ಲ’, ‘ಮಣಿಯಲಿಲ್ಲ’. ‘ರೆಫ್ಯೂಸ್ಡ್ ಟು ಟೋ ದ ಲೈನ್’ಗೆ ‘ಹೈಕಮಾಂಡ್ ಮಾತಿಗೆ ಸೊಪ್ಪು ಹಾಕಲಿಲ್ಲ’ ಎಂಬುದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ.

‘ಗೆರೆಗೆ ಕಾಲ್ಬೆರಳು ಹಚ್ಚಿದರು’ ಎಂದು ಪದಕ್ಕೆ ಪದ ಇಟ್ಟರೆ ಓದುಗರು ಕಾಲಿಗೆ ಏನಾಯಿತು ಎಂದು ಕೇಳುತ್ತಾರೆ.

ಜಾರ್ಜ್ ಆರ್ವೆಲ್ ಇದನ್ನು ಬಳಸಲೇಬೇಡಿ ಅಂದಿದ್ದರಂತೆ?

ಹೆಚ್ಚುಕಡಿಮೆ ಹೌದು. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಆರ್ವೆಲ್ 1946ರಲ್ಲಿ ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಸವೆದುಹೋದ ರೂಪಕಗಳ ಪಟ್ಟಿ ಇದೆ. ‘ಟೋ ದ ಲೈನ್’ ಆ ಪಟ್ಟಿಯಲ್ಲಿದೆ. ಚಿತ್ರ ಕಣ್ಣಿಗೆ ಕಟ್ಟದೆ ಸುಮ್ನೆ ಅಭ್ಯಾಸಬಲದಿಂದ ಬರೆಯುವ ಮಾತು ಎಂಬುದು ಅವರ ತಕರಾರು. ಸಾಕ್ಷಿಯಾಗಿ, ಜನ ಇದನ್ನು ಡಬ್ಲ್ಯೂ ಹಾಕಿ ಬರೆಯುವುದನ್ನೂ ಅವರೇ ತೋರಿಸಿದ್ದಾರೆ. ಅಂದರೆ ಈ ಸ್ಪೆಲ್ಲಿಂಗ್ ತಪ್ಪು ವಾಟ್ಸ್ಆ್ಯಪ್ ಕಾಲದ್ದೇನಲ್ಲ.

ನಾನು ಆರ್ವೆಲ್ ಮಾತನ್ನು ಅರ್ಧ ಒಪ್ಪುತ್ತೇನೆ. ತಲೆಬರಹಕ್ಕೆ ಚಿಕ್ಕ ಪದ ಬೇಕು ಎಂಬ ಒಂದೇ ಕಾರಣಕ್ಕೆ ಬಳಸುವುದಾದರೆ ಬೇಡವೇ ಬೇಡ. ಆದರೆ ‘ಒಬೇ’ ಎಂಬ ಪದದಲ್ಲಿ ಇಲ್ಲದ ಒಂದು ವಿಷಯ ಇದರಲ್ಲಿದೆ. ಮನಸ್ಸು ಒಂದು ಕಡೆ, ಕಾಲು ಇನ್ನೊಂದು ಕಡೆ ಇರುವ ಸ್ಥಿತಿ. ನಮ್ಮ ರಾಜಕೀಯ ಬರೆಯುವವರಿಗೆ ಆ ಸ್ಥಿತಿಯನ್ನು ಹೇಳುವ ಮಾತು ದಿನಾ ಬೇಕಾಗುತ್ತದೆ, ಅಲ್ವಾ?

ಕಂಪ್ಯೂಟರಿನ ಸ್ಪೆಲ್‌ಚೆಕ್ ಇದನ್ನು ಹಿಡಿಯುವುದಿಲ್ಲವೇ?

ಬರೀ ಸ್ಪೆಲ್ಲಿಂಗ್ ನೋಡುವ ತಂತ್ರಾಂಶ ಹಿಡಿಯುವುದಿಲ್ಲ. ಎರಡೂ ನಿಘಂಟಿನಲ್ಲಿರುವ ಪದಗಳೇ. ಸುತ್ತಲಿನ ಪದಗಳನ್ನೂ ನೋಡುವ ಈಗಿನವು ಹಿಡಿಯಬಹುದು. ಧಾಟಿಯನ್ನು ಅವಕ್ಕೆ ಬಿಟ್ಟುಕೊಡಬೇಡಿ. ಬರೆದು ಮುಗಿಸಿದ ಮೇಲೆ ‘ಲೈನ್’ ಎಂಬ ಪದವನ್ನು ಹುಡುಕಿ ಒಂದೊಂದನ್ನೇ ಓದಿ.

ಹೀಗೇ ಕಿವಿಗೆ ಮೋಸ ಮಾಡುವ ಬೇರೆ ನುಡಿಗಟ್ಟುಗಳು ಯಾವುವು?

ಬಹಳ ಇವೆ. ‘ಫ್ರೀ ರೇನ್’ ಮೊದಲ ಸಾಲಿನಲ್ಲಿದೆ. ಅದು ಕುದುರೆಯ ಲಗಾಮು, ಆರ್-ಇ-ಐ-ಎನ್. ರಾಜನ ಆಳ್ವಿಕೆ ಎಂಬ ಅರ್ಥದ ‘ರೇನ್’ನಲ್ಲಿ ನಡುವೆ ‘ಜಿ’ ಇದೆ, ಮಳೆಯ ‘ರೇನ್’ ಇನ್ನೊಂದು. ಮೂರೂ ಕನ್ನಡದಲ್ಲಿ ಒಂದೇ. ಲಗಾಮು ಸಡಿಲ ಬಿಡುವುದು ಎಂದು ನೆನಪಿಟ್ಟರೆ ಆಯಿತು, ‘ಲಗಾಮಿಲ್ಲದ ನಾಲಿಗೆ’ ಎಂಬುದನ್ನು ನಾವೂ ಆಡುತ್ತೇವೆ.

‘ಬೇಟೆಡ್ ಬ್ರೆತ್’ ಇನ್ನೊಂದು. ಷೇಕ್ಸ್‌ಪಿಯರನ ವೆನಿಸ್ಸಿನ ವರ್ತಕನ ನಾಟಕದಲ್ಲೇ ಇರುವ ಮಾತು. ಉಸಿರು ಬಿಗಿಹಿಡಿದು ಎಂಬ ಅರ್ಥ. ‘ಅಬೇಟ್’ ಎಂಬುದರ ತುಂಡು ಅದು, ಬಿ-ಎ-ಟಿ-ಇ-ಡಿ. ನಡುವೆ ‘ಐ’ ಸೇರಿಸಿದರೆ ಮೀನಿಗೆ ಹಾಕುವ ಎರೆಯ ವಾಸನೆಯ ಉಸಿರಾಗುತ್ತದೆ.

‘ಹೋಮ್ ಇನ್ ಆನ್’ ಎಂದರೆ ಗುರಿಯ ಕಡೆಗೆ ಸಾಗುವುದು, ಪಾರಿವಾಳ ಗೂಡಿಗೆ ಬರುವ ಹಾಗೆ. ಅದನ್ನು ‘ಹೋನ್’ ಎಂದು ಬರೆಯುವವರು ಬಹಳ. ‘ಹೋನ್’ ಎಂದರೆ ಮಸೆಯುವುದು. ಕೆಲವು ನಿಘಂಟುಗಳು ಈಗ ಅದನ್ನೂ ದಾಖಲಿಸುತ್ತವೆ, ಆದರೂ ಸಂಪಾದಕರ ಕೈಗೆ ಸಿಕ್ಕರೆ ಇನ್ನೂ ಕೆಂಪು ಶಾಯಿಯೇ.